ಹನ್ನೊಂದು ಫೋನು, ಒಂದು ರೊಟ್ಟಿ ಆ್ಯಪ್: ರೀಚಾರ್ಜ್, ಪ್ಲೇ ಸ್ಟೋರ್ ಬಗ್ಗೆ ಅನುಭವ ಇದ್ದವರು ಹೇಳಿ

ಪ್ರಶ್ನೆ: ನವನಗರ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ ರೀ. ನಮ್ಮ ಅತ್ತಿಗೆ ಮತ್ತು ಓಣಿಯ ಹತ್ತು ಜನ ಹೆಣ್ಣುಮಕ್ಕಳು ಸೇರಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾರೆ. ಧಾರವಾಡದ ಸಪ್ತಾಪುರ, ಇಲ್ಲಿ ವಿದ್ಯಾನಗರ, ಎರಡೂ ಕಡೆ ಹೋಗುತ್ತದೆ. ಆರ್ಡರ್ ಎಲ್ಲ ಫೋನಿನಲ್ಲೇ ಬರುತ್ತದೆ. ಬರೆದಿಡುವುದು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ. ಹಿಟ್ಟಿನ ಕೈ ತಾಗಿ ಅರ್ಧ ಅಂಕಿ ಅಳಿಸಿರುತ್ತವೆ. ನನ್ನ ತಮ್ಮ ಇಂಜಿನಿಯರಿಂಗ್ ಕೊನೇ ವರ್ಷ. ಇವರಿಗಾಗಿಯೇ ಆರ್ಡರ್ ತಗೊಳ್ಳುವ ಒಂದು ಆ್ಯಪ್ ಮಾಡಿದ್ದಾನೆ.

ಎರಡು ವಿಷಯ ತಿಳಿಯಬೇಕು. ಒಂದು, 11 ಫೋನುಗಳ ರೀಚಾರ್ಜ್ ಖರ್ಚು ಗುಂಪಿನ ದುಡ್ಡಿನಿಂದಲೇ ಹೋಗುತ್ತದೆ, ಅದನ್ನು ಹೇಗೆ ಇಳಿಸುವುದು? ಎರಡು, ಆ್ಯಪನ್ನು ಪ್ಲೇ ಸ್ಟೋರಿಗೆ ಹಾಕಿದರೆ ಎಷ್ಟು ಖರ್ಚು? ಪ್ರತಿ ಆರ್ಡರಿಗೂ ಕಮಿಷನ್ ಕೊಡಬೇಕಾ? ಒಂದು ರೊಟ್ಟಿಗೆ ಉಳಿಯುವುದೇ ಚೂರು. ಅದರಲ್ಲಿ ಪಾಲು ಹೋದರೆ ಏನೂ ಉಳಿಯುವುದಿಲ್ಲ.

ಉತ್ತರ: ಗೋಕುಲ ರೋಡ್, ಹುಬ್ಬಳ್ಳಿ (ಆ್ಯಪ್ ಮಾಡುವ ಕೆಲಸ)

ಅಕ್ಕಾರೆ, ಕಮಿಷನ್ ಭಯ ಬಿಟ್ಟುಬಿಡಿ. ಗೂಗಲ್ ಪ್ಲೇ ಪಾಲು ಹಿಡಿಯುವುದು ಆ್ಯಪ್ ಒಳಗೇ ಬಳಸಿ ಮುಗಿಸುವ ಡಿಜಿಟಲ್ ಸರಕಿಗೆ. ಆಟದ ನಾಣ್ಯ, ಪಾಠದ ವಿಡಿಯೋ, ತಿಂಗಳ ಚಂದಾ, ಇಂಥವಕ್ಕೆ. ಅದರಲ್ಲೂ ವರ್ಷದ ಮೊದಲ 10 ಲಕ್ಷ ಡಾಲರ್ ಗಳಿಕೆಗೆ 2021ರ ಜುಲೈನಿಂದ ಶೇಕಡಾ 15 ಎಂದು ಇಳಿಸಿದರು. ರೊಟ್ಟಿ ಕೈಯಲ್ಲಿ ಹಿಡಿಯುವ ವಸ್ತು. ಅಂಥ ಮಾರಾಟಕ್ಕೆ ಅವರ ಬಿಲ್ಲಿಂಗ್ ಬಳಸಲೇಬಾರದು ಅಂತ ನಿಯಮವೇ ಇದೆ. ಯುಪಿಐನಲ್ಲಿ ನೇರವಾಗಿ ತಗೊಳ್ಳಿ. ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 936.44 ಕೋಟಿ ದಂಡ ಹಾಕಿದ ಸುದ್ದಿ ನೀವೂ ಓದಿರಬಹುದು. 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು 216.69 ಕೋಟಿಗೆ ಇಳಿಸಿತು. ಆ ಜಗಳವೆಲ್ಲ ಡಿಜಿಟಲ್ ಮಾರಾಟದ ಬಿಲ್ಲಿಂಗ್ ಬಗ್ಗೆ. ನಿಮ್ಮ ರೊಟ್ಟಿ ಬುಟ್ಟಿಗೆ ಅದು ತಾಗುವುದಿಲ್ಲ.

ಪ್ಲೇ ಸ್ಟೋರಿಗೆ ಆ್ಯಪ್ ಹಾಕುವ ಖಾತೆ ತೆರೆಯಲು 25 ಡಾಲರ್, ಅದೂ ಒಂದೇ ಸಲ. ಆ್ಯಪಲ್‌ನಲ್ಲಿ ವರ್ಷಕ್ಕೆ 99 ಡಾಲರ್. ಅದು ನಿಮಗೆ ಬೇಡವೇ ಬೇಡ.

ಕಷ್ಟ ಇರುವುದು ಬೇರೆ ಕಡೆ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಆ್ಯಪ್ ಎಲ್ಲರಿಗೂ ಕಾಣುವ ಮೊದಲು 12 ಜನ ಸತತ 14 ದಿನ ಅದನ್ನು ಬಳಸಿ ನೋಡುವ ಪರೀಕ್ಷಕರ ಪಟ್ಟಿಯಲ್ಲಿ ಇರಬೇಕು. ಮೊದಲು 20 ಜನ ಇತ್ತು, 2024ರ ಡಿಸೆಂಬರ್‌ನಲ್ಲಿ 12 ಮಾಡಿದರು. ನಿಮ್ಮವರು 11, ನೀವು ಸೇರಿದರೆ 12. ಸರಿಹೋಯಿತು ಅಂತ ಅನ್ನಿಸುತ್ತದೆ ಅಲ್ವಾ? ಹಾಗೆ ಮಾಡಬೇಡಿ. ನಾನೂ ಸರಿಯಾಗಿ 12 ಜನರನ್ನೇ ಇಟ್ಟುಕೊಂಡಿದ್ದೆ. ಹತ್ತನೇ ದಿನ ಒಬ್ಬ ಹುಡುಗ ಪಟ್ಟಿಯಿಂದ ಹೊರಗೆ ಹೋದ. ಮತ್ತೆ ಮೊದಲಿನಿಂದ 14 ದಿನ ಎಣಿಸಿದೆ. ಹದಿನೈದು ಜನ ಇರಲಿ. ಪ್ರತಿಯೊಬ್ಬರಿಗೂ ಗೂಗಲ್ ಖಾತೆ ಬೇಕು, ಇಳಿಸಿಕೊಳ್ಳಲು ಡೇಟಾ ಬೇಕು. ನಿಮ್ಮ ಎರಡು ಪ್ರಶ್ನೆ ಬೇರೆ ಬೇರೆ ಅಲ್ಲ ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ಫೋನಿನಲ್ಲಿ ಡೇಟಾ ಇಲ್ಲದವರಿಗೆ ಆ್ಯಪ್ ಕೊಟ್ಟು ಏನು ಪ್ರಯೋಜನ?

ಇನ್ನೊಂದು ಮಾತು. ಸ್ಟೋರಿನಲ್ಲಿ ಆ್ಯಪ್ ಒಂದು ಸಲ ಹಾಕಿ ಮರೆಯುವಂಥದ್ದಲ್ಲ. ವರ್ಷ ವರ್ಷ ಹೊಸ ಆಂಡ್ರಾಯ್ಡ್‌ಗೆ ತಕ್ಕಂತೆ ತಿದ್ದಬೇಕು. 2025ರ ಆಗಸ್ಟ್ 31ರಿಂದ ಹೊಸ ಆ್ಯಪ್, ಹೊಸ ಅಪ್‌ಡೇಟ್ ಎರಡೂ ಆಂಡ್ರಾಯ್ಡ್ 15ಕ್ಕೆ ಹೊಂದಿರಬೇಕು ಎಂದು ಮಾಡಿದರು. ತಿದ್ದದೆ ಬಿಟ್ಟ ಹಳೇ ಆ್ಯಪ್ ಹೊಸ ಫೋನು ತಗೊಂಡವರಿಗೆ ಹುಡುಕಿದರೂ ಸಿಗದಂತಾಗುತ್ತದೆ. ನಿಮ್ಮ ತಮ್ಮ ಮುಂದಿನ ವರ್ಷ ಬೆಂಗಳೂರಿಗೋ ಪುಣೆಗೋ ಕೆಲಸಕ್ಕೆ ಹೋಗುತ್ತಾನೆ. ಆಮೇಲೆ ಇದನ್ನೆಲ್ಲ ಯಾರು ನೋಡುತ್ತಾರೆ? ಅದನ್ನು ಈಗಲೇ ಯೋಚಿಸಿ.

ನಾನಾಗಿದ್ದರೆ ಅದೇ ಕೆಲಸವನ್ನು ಬ್ರೌಸರಿನಲ್ಲಿ ತೆರೆಯುವ ಒಂದು ಪುಟವಾಗಿ ಮಾಡಿಸುತ್ತಿದ್ದೆ. ಪರದೆಯ ಮೇಲೆ ಅದರ ಗುರುತು ಇಟ್ಟುಕೊಂಡರೆ ಆ್ಯಪ್ ಥರವೇ ತೆರೆಯುತ್ತದೆ. ಸ್ಟೋರ್ ಇಲ್ಲ, ಪರೀಕ್ಷಕರು ಇಲ್ಲ. ಆರು ತಿಂಗಳು ಚೆನ್ನಾಗಿ ನಡೆದ ಮೇಲೆ ಸ್ಟೋರ್ ನೋಡೋಣ.

ಉತ್ತರ: ಬೆಟಗೇರಿ, ಗದಗ (ರೀಚಾರ್ಜ್ ಅಂಗಡಿ)

ಆ್ಯಪ್ ಬಗ್ಗೆ ನನಗೆ ತಿಳಿಯದು, ರೀಚಾರ್ಜ್ ಲೆಕ್ಕ ಹೇಳುತ್ತೇನೆ. ನಮ್ಮ ಕಡೆ ನೇಕಾರರು ಜಾಸ್ತಿ. ಪಗಾರ ಬಂದ ದಿನ ಅಂಗಡಿ ಮುಂದೆ ನಿಂತು "ಅಣ್ಣಾ, ಮೊನ್ನೆ ತಾನೇ ಹಾಕಿದ್ದೆ, ಮತ್ತೆ ಮುಗೀತಾ?" ಅಂತ ಕೇಳುತ್ತಾರೆ. ಮುಗಿದಿರುತ್ತದೆ. 28 ದಿನ ಅಂದರೆ ತಿಂಗಳಲ್ಲ. ವರ್ಷಕ್ಕೆ 12 ಸಲ ಅಲ್ಲ, 13 ಸಲ ಹಾಕಬೇಕು.

2024ರ ಜುಲೈನಲ್ಲಿ ಎಲ್ಲ ಖಾಸಗಿ ಕಂಪನಿಗಳ ದರ ಏರಿತು. ಜಿಯೋದಲ್ಲಿ ದಿನಕ್ಕೆ 1.5 ಜಿಬಿ ಕೊಡುವ 28 ದಿನದ ಪ್ಲಾನ್ 239 ಇದ್ದದ್ದು 299 ಆಯಿತು. 13 ಸಲಕ್ಕೆ 3,887. ಹನ್ನೊಂದು ಜನಕ್ಕೆ 42,757. ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಅತ್ತಿಗೆಯವರ ಕೈಗೆ ಕೊಡಿ. ಮಾತು ಅಲ್ಲಿಂದ ಶುರುವಾಗಲಿ.

ಈಗ ದಾರಿ. 2022ರಲ್ಲಿ ಟ್ರಾಯ್ (ಫೋನ್ ಕಂಪನಿಗಳನ್ನು ನಿಯಂತ್ರಿಸುವ ಪ್ರಾಧಿಕಾರ) ಒಂದು ಆದೇಶ ಮಾಡಿತು. ಪ್ರತಿ ಕಂಪನಿಯೂ 30 ದಿನದ್ದೊಂದು, ಪ್ರತಿ ತಿಂಗಳು ಅದೇ ತಾರೀಖಿಗೆ ಮುಗಿಯುವಂಥದ್ದೊಂದು ಪ್ಲಾನ್ ಇಡಲೇಬೇಕು. ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ, ಕೇಳಿ ಹಾಕಿಸಬೇಕು. 2024ರ ಏರಿಕೆಯಲ್ಲಿ ಜಿಯೋದ ಅಂಥ ಪ್ಲಾನ್ 319 ಆಯಿತು. ವರ್ಷಕ್ಕೆ 12 ಸಲ, 3,828. ಉಳಿಯುವುದು 59 ರೂಪಾಯಿ ಅಷ್ಟೇ. ಆದರೆ ಖಾನಾವಳಿ ದುಡ್ಡು ಬರುವ ತಾರೀಖಿಗೆ ರೀಚಾರ್ಜ್ ಕೂರಿಸಿಕೊಳ್ಳಬಹುದು. ಅದು ದೊಡ್ಡ ನೆಮ್ಮದಿ.

ಇನ್ನೊಂದು, 2024ರ ಡಿಸೆಂಬರ್‌ನಲ್ಲಿ ಡೇಟಾ ಇಲ್ಲದ ಪ್ಲಾನ್ ಕೂಡ ಕೊಡಲೇಬೇಕು ಅಂತ ಟ್ರಾಯ್ ಹೇಳಿತು. ಬರೀ ಕರೆ ಮತ್ತು ಎಸ್‌ಎಂಎಸ್. 2025ರ ಜನವರಿಯಲ್ಲಿ ಅವು ಬಂದವು. ಆಗ 84 ದಿನಕ್ಕೆ ಜಿಯೋದಲ್ಲಿ 448, ಏರ್‌ಟೆಲ್‌ನಲ್ಲಿ 469. ಏರ್‌ಟೆಲ್‌ನಲ್ಲಿ ಇಡೀ ವರ್ಷಕ್ಕೆ 1,849. ದರ ಆಗಾಗ ಬದಲಾಗುತ್ತದೆ, ಹಾಕಿಸುವ ದಿನ ಮತ್ತೊಮ್ಮೆ ನೋಡಿಕೊಳ್ಳಿ. ಆರ್ಡರ್ ತಗೊಳ್ಳುವ ಇಬ್ಬರಿಗೆ 299ರ ಡೇಟಾ ಪ್ಲಾನ್ ಇಟ್ಟು, ಉಳಿದ ಒಂಬತ್ತು ಜನಕ್ಕೆ ಈ 1,849 ಹಾಕಿದರೆ ಒಟ್ಟು 24,415. ವರ್ಷಕ್ಕೆ 18,342 ಉಳಿಯುತ್ತದೆ. ದುಡ್ಡು ಬಂದು ಬೀಳಲು ಅವರ ಫೋನಿನಲ್ಲಿ ಡೇಟಾ ಇರಬೇಕಾಗಿಲ್ಲ. ಖಾತೆಗೆ ಜಮಾ ಆಗುತ್ತದೆ, ಬ್ಯಾಂಕಿನ ಎಸ್‌ಎಂಎಸ್ ಬರುತ್ತದೆ.

ಕಂಪನಿ ಬದಲಿಸುವ ಯೋಚನೆ ಇದ್ದರೆ ಅವಸರ ಬೇಡ. ಬೇರೆ ಕಂಪನಿ ಸಿಮ್ ಇರುವವರ ಫೋನು ತಗೊಂಡು ರೊಟ್ಟಿ ಬಡಿಯುವ ಜಾಗದಲ್ಲೇ ನಿಂತು ಕರೆ ಮಾಡಿ ನೋಡಿ. ತಗಡಿನ ಚಾವಣಿ ಕೆಳಗೆ ಸಿಗ್ನಲ್ ಬಿದ್ದುಹೋಗುತ್ತದೆ. ಅಂಗಳದಲ್ಲಿ ನಾಲ್ಕು ಕಡ್ಡಿ ತೋರಿಸಿದ್ದು ಒಲೆ ಹತ್ತಿರ ಒಂದಾಗಿರುತ್ತದೆ. ಪೋರ್ಟ್ ಮಾಡಿದ ಮೇಲೆ, ಅಂದರೆ ನಂಬರ್ ಅದೇ ಇಟ್ಟು ಕಂಪನಿ ಬದಲಿಸಿದ ಮೇಲೆ, 90 ದಿನ ಮತ್ತೆ ಬದಲಿಸಲು ಬರುವುದಿಲ್ಲ. 1900ಕ್ಕೆ ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ನಂಬರ್ ಹಾಕಿ ಎಸ್‌ಎಂಎಸ್ ಕಳಿಸಿದರೆ ಪೋರ್ಟ್ ಮಾಡಲು ಬೇಕಾದ ಕೋಡ್ ಬರುತ್ತದೆ. ಅದು ನಾಲ್ಕು ದಿನ ನಡೆಯುತ್ತದೆ. ಸಿಮ್ ಕಳೆದು ಹೊಸದು ತಗೊಂಡಿದ್ದರೆ ಏಳು ದಿನ ಕೋಡೇ ಸಿಗದು. ಇದು 2024ರ ಜುಲೈ 1ರಿಂದ ಬಂದ ನಿಯಮ.

ಕೊನೆಗೆ, ಸಿಮ್ ಯಾರ ಹೆಸರಲ್ಲಿದೆ ನೋಡಿ. ಗಂಡನದೋ ಮೈದುನನದೋ ಆಗಿದ್ದರೆ ಪೋರ್ಟ್ ಮಾಡುವಾಗ ಅವರೇ ಬರಬೇಕಾಗುತ್ತದೆ. ಅನುಕೂಲ ಅಂತ ಹನ್ನೊಂದೂ ಸಿಮ್ ಅತ್ತಿಗೆಯವರ ಹೆಸರಲ್ಲೇ ತಗೋಬೇಡಿ. ನಮ್ಮಲ್ಲಿ ಒಬ್ಬರ ಹೆಸರಿಗೆ ಒಂಬತ್ತೇ ಮಿತಿ. ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ನಂಬರ್ ಕೊಟ್ಟರೆ ತಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ಕಾಣುತ್ತದೆ. ಒಂದು ಸಲ ಎಲ್ಲರಿಗೂ ತೆಗೆದು ತೋರಿಸಿ.

ಉತ್ತರ: ಹಾವೇರಿ (ಸ್ವಸಹಾಯ ಸಂಘ)

ಬೆಟಗೇರಿ ಅಣ್ಣಾರ, ನಿಮ್ಮ ಲೆಕ್ಕ ಸರಿ. ಆದರೆ ಆ ಒಂಬತ್ತು ಜನರನ್ನು ಒಂದು ಮಾತು ಕೇಳದೆ ಡೇಟಾ ತೆಗೆಯಬೇಡಿ ಅನ್ನುವುದು ನನ್ನ ಮಾತು.

ನಮ್ಮ ಸಂಘದಲ್ಲಿ ಹಾಗೇ ಮಾಡಿದೆವು. ದುಡ್ಡು ಉಳಿಯಿತು. ಎರಡು ತಿಂಗಳಾದ ಮೇಲೆ ಒಬ್ಬಾಕೆ ಸಭೆಯಲ್ಲಿ ಎದ್ದು ನಿಂತು, "ಮಗಳು ಬೆಂಗಳೂರಲ್ಲಿದ್ದಾಳೆ, ದಿನಾ ರಾತ್ರಿ ಮೊಮ್ಮಗನ ಮುಖ ನೋಡ್ತಿದ್ದೆ, ಈಗ ದನಿ ಅಷ್ಟೇ" ಅಂದಳು. ನಮಗೆ ಯಾರಿಗೂ ಅದು ಹೊಳೆದಿರಲೇ ಇಲ್ಲ. ಮನೆಯಲ್ಲಿ ಗಂಡನ ಫೋನಿಗೆ, ಮಗನ ಫೋನಿಗೆ ಡೇಟಾ ಇದ್ದೇ ಇರುತ್ತದೆ. ಖರ್ಚು ಇಳಿಸಬೇಕು ಅಂದ ಕೂಡಲೇ ಮೊದಲು ಕೈ ಹೋಗುವುದು ಹೆಣ್ಣುಮಕ್ಕಳ ಫೋನಿಗೆ. ಆಕೆ ದಿನವಿಡೀ ಒಲೆ ಮುಂದೆ ಕೂತು ದುಡಿದ ದುಡ್ಡು ಅದು. ಯಾರಿಗೆ ಬೇಕು, ಯಾರಿಗೆ ಬೇಡ ಅಂತ ಒಬ್ಬೊಬ್ಬರನ್ನೇ ಕೇಳಿ. ಎಲ್ಲರ ಎದುರಿಗೆ ಕೇಳಿದರೆ "ನನಗ್ಯಾಕ್ರೀ, ಬೇಡ" ಅಂತಾರೆ. ಬೇರೆ ಬೇರೆಯಾಗಿ ಕೇಳಿ.

ಉತ್ತರ: ಸಪ್ತಾಪುರ, ಧಾರವಾಡ (ಖಾನಾವಳಿ)

ನಾನು ರೊಟ್ಟಿ ಕೊಳ್ಳುವವನು. ನನ್ನ ಕಡೆ ಮಾತನ್ನೂ ಕೇಳಿ. ನಮ್ಮಲ್ಲಿ ಊಟಕ್ಕೆ ಬರುವವರು ಪರೀಕ್ಷೆಗೆ ಓದುವ ಹುಡುಗರು. ಹಬ್ಬ ಬಂದರೆ ಅರ್ಧ ಜನ ಊರಿಗೆ ಹೋಗುತ್ತಾರೆ. ಪರೀಕ್ಷೆ ಮುಂದೆ ಬಂದರೆ ಒಮ್ಮೆಲೇ ಜಾಸ್ತಿ. ನಾಳೆ ಎಷ್ಟು ರೊಟ್ಟಿ ಅನ್ನುವುದು ನನಗೇ ಗೊತ್ತಾಗುವುದು ಸಂಜೆ. ಆಗ ನನ್ನ ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಫೋನು. ಆ್ಯಪ್ ತೆರೆದು, ಲಾಗಿನ್ ಆಗಿ, ಒಟಿಪಿ ಹಾಕಿ ಆರ್ಡರ್ ಕೊಡು ಅಂದರೆ ನಾನು ಕೊಡುವುದಿಲ್ಲ. ಕರೆ ಮಾಡುತ್ತೇನೆ, "ಅಕ್ಕಾರೆ, ನಾಳೆ ಇನ್ನೂರು" ಅಂತೀನಿ, ಮುಗೀತು.

ನನಗೆ ಬೇಕಾದ್ದು ತಿಂಗಳ ಲೆಕ್ಕ. ಒಂದನೇ ತಾರೀಖಿಗೆ ಯಾವ ದಿನ ಎಷ್ಟು ಬಂತು, ಎಷ್ಟು ವಾಪಸ್ ಕೊಟ್ಟೆ, ಎಷ್ಟು ಬಾಕಿ ಅಂತ ಒಂದು ಹಾಳೆ ವಾಟ್ಸಾಪ್‌ನಲ್ಲಿ ಬಂದರೆ ಸಾಕು. ಪ್ರತಿ ತಿಂಗಳು ಹತ್ತಿಪ್ಪತ್ತು ರೊಟ್ಟಿಗೆ ಮಾತು ಬೆಳೆಯುತ್ತದೆ. ಅವರೂ ಸುಳ್ಳು ಹೇಳುವವರಲ್ಲ, ನಾನೂ ಅಲ್ಲ. ಬರೆದಿರುವುದಿಲ್ಲ ಅಷ್ಟೇ.

ಪ್ರಶ್ನೆ ಕೇಳಿದವರು: ನವನಗರ

ಸಪ್ತಾಪುರದ ಅಣ್ಣಾರ, ನಿಮ್ಮ ಮಾತು ಓದಿ ತಮ್ಮ ಸ್ವಲ್ಪ ಹೊತ್ತು ಸುಮ್ನೆ ಕೂತ. ಅವನ ಆ್ಯಪಿನಲ್ಲಿ ಮೊದಲ ಪರದೆಯೇ ಲಾಗಿನ್. ಅವನು ಇನ್ನೆರಡು ಕೇಳುತ್ತಿದ್ದಾನೆ. ಬ್ಯಾಂಕಿನ ಎಸ್‌ಎಂಎಸ್ ಆ್ಯಪೇ ಓದಿ "ಹಣ ಬಂತು" ಅಂತ ಗುರುತು ಹಾಕುವ ಹಾಗೆ ಬರೆದಿದ್ದಾನೆ, ಅದು ನಡೆಯುತ್ತಾ? ಮತ್ತೆ ಆರ್ಡರ್ ಸಿಕ್ಕಿತು ಅಂತ ಖಾನಾವಳಿಗೆ ಕನ್ನಡದಲ್ಲಿ ಎಸ್‌ಎಂಎಸ್ ಹೋಗಬೇಕು ಅಂತ ಅವನ ಆಸೆ.

ಉತ್ತರ: ಗೋಕುಲ ರೋಡ್, ಹುಬ್ಬಳ್ಳಿ

ಎಸ್‌ಎಂಎಸ್ ಓದುವ ಅನುಮತಿಯನ್ನು ಪ್ಲೇ ಸ್ಟೋರ್ 2019ರಿಂದ ಬಿಗಿ ಮಾಡಿದೆ. ಕೆಲವೇ ಬಗೆಯ ಆ್ಯಪ್‌ಗಳಿಗೆ, ಅದೂ ಅರ್ಜಿ ತುಂಬಿ ಕಾರಣ ಒಪ್ಪಿಸಿದ ಮೇಲೆ ಸಿಗುತ್ತದೆ. ಅದು ಒಳ್ಳೆಯದೇ. ಆ ಹೆಣ್ಣುಮಕ್ಕಳ ಬ್ಯಾಂಕ್ ಸಂದೇಶ ಇನ್ನೊಬ್ಬರ ಆ್ಯಪ್ ಓದಬಾರದು. ಹಣ ಬಂದಿದ್ದನ್ನು ಕೈಯಿಂದಲೇ ಗುರುತು ಹಾಕಲಿ.

ಕನ್ನಡ ಎಸ್‌ಎಂಎಸ್ ಆಸೆ ನನಗೂ ಇತ್ತು. ವ್ಯಾಪಾರದ ಎಸ್‌ಎಂಎಸ್ ಯಂತ್ರದಿಂದ ಕಳಿಸಬೇಕಾದರೆ ಟ್ರಾಯ್‌ನ 2018ರ ನಿಯಮದ ಪ್ರಕಾರ ಕಳಿಸುವವರ ಹೆಸರು, ಸಂದೇಶದ ಮಾದರಿ ಎರಡನ್ನೂ ಡಿಎಲ್‌ಟಿ ಅನ್ನುವ ಫೋನ್ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಆಮೇಲೆ ಪ್ರತಿ ಸಂದೇಶಕ್ಕೂ ದುಡ್ಡು. ಇಂಗ್ಲಿಷ್ ಆದರೆ ಒಂದು ಸಂದೇಶದಲ್ಲಿ 160 ಅಕ್ಷರ ಹಿಡಿಸುತ್ತದೆ, ಕನ್ನಡ ಆದರೆ 70 ಮಾತ್ರ. ಆ 70ರಲ್ಲಿ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. "ರೊಟ್ಟಿ" ನಮ್ಮ ಕಣ್ಣಿಗೆ ಎರಡೇ ಅಕ್ಷರ. ಎಸ್‌ಎಂಎಸ್ ಲೆಕ್ಕದಲ್ಲಿ ಆರು. ಹೆಸರು, ತಾರೀಖು, ಎಷ್ಟು, ಬಾಕಿ ಎಷ್ಟು ಅಂತ ಬರೆದರೆ ಎರಡು ಸಂದೇಶದ ದುಡ್ಡು ಹೋಗುತ್ತದೆ. ನಮ್ಮ ಭಾಷೆಗೆ ಹೀಗೆ ದುಪ್ಪಟ್ಟು ಕೊಡಬೇಕಾದಾಗ ಹೊಟ್ಟೆ ಉರಿಯುತ್ತದೆ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಉಚಿತ. ಕನ್ನಡದಲ್ಲಿ ಎಷ್ಟು ಬೇಕಾದರೂ ಬರೆಯಿರಿ.

ತಮ್ಮನಿಗೆ ಹೇಳಿ, ಮಾಡಿದ್ದು ವ್ಯರ್ಥ ಆಗಲಿಲ್ಲ. ಆರ್ಡರ್ ಪರದೆ ತೆಗೆದು, ಲೆಕ್ಕದ ಪರದೆ ಇಟ್ಟುಕೊಳ್ಳಲಿ. ಒಂದು ಫೋನಿನಲ್ಲಿ ನಡೆದರೆ ಸಾಕು.

ಪ್ರಶ್ನೆ ಕೇಳಿದವರು: ನವನಗರ

ನಿನ್ನೆ ಮಧ್ಯಾಹ್ನ ಒಬ್ಬೊಬ್ಬರನ್ನೇ ಕೇಳಿದೆ, ಹಾವೇರಿ ಅಕ್ಕಾರು ಹೇಳಿದ ಹಾಗೆ. ಐದು ಜನ ಡೇಟಾ ಬೇಕು ಅಂದರು. ಒಬ್ಬರಿಗೆ ಮಗಳ ಓದು, ಒಬ್ಬರಿಗೆ ಊರಿನ ಅವ್ವನ ಮುಖ ನೋಡುವುದು, ಒಬ್ಬರಿಗೆ ಕೆಲಸ ಮಾಡುತ್ತಾ ಭಜನೆ ಕೇಳುವುದು. ಉಳಿದ ಇಬ್ಬರು ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆರು ಜನ ಕರೆ ಇದ್ದರೆ ಸಾಕು ಅಂದರು. ಐದು ಜನಕ್ಕೆ ತಿಂಗಳ ತಾರೀಖಿನ ಪ್ಲಾನ್, ಆರು ಜನಕ್ಕೆ ವರ್ಷದ್ದು. ಬೆಟಗೇರಿ ಅಣ್ಣಾರು ಕೊಟ್ಟ ದರದಲ್ಲೇ ಲೆಕ್ಕ ಹಾಕಿದರೆ 30,234. ಮೊದಲಿಗಿಂತ 12,523 ಕಡಿಮೆ. ವರ್ಷದ ದುಡ್ಡು ಒಮ್ಮೆಲೇ ಕಟ್ಟಲು ಆಗುವುದಿಲ್ಲ, ತಿಂಗಳಿಗೆ ಇಬ್ಬರಂತೆ ಹಾಕಿಸುತ್ತೇವೆ.

ತಗಡಿನ ಕೆಳಗೂ ನಿಂತು ನೋಡಿದೆವು. ಒಲೆ ಹತ್ತಿರ ಒಂದು ಸಿಮ್ ಪೂರ್ತಿ ಸತ್ತಿತ್ತು. ಅದನ್ನು ಹಾಕಿಕೊಂಡಿದ್ದ ಅಕ್ಕ ಇಷ್ಟು ದಿನ ಯಾಕೆ ಕರೆ ಎತ್ತುತ್ತಿರಲಿಲ್ಲ ಅನ್ನುವುದು ಈಗ ಗೊತ್ತಾಯಿತು.

ತಮ್ಮ ಲಾಗಿನ್ ಪರದೆ ತೆಗೆದ. ಸಪ್ತಾಪುರದ ಅಣ್ಣಾರ, ಒಂದನೇ ತಾರೀಖಿನ ಲೆಕ್ಕದ ಹಾಳೆ ತಯಾರಾದ ಕೂಡಲೇ ಮೊದಲು ನಿಮಗೇ ತೋರಿಸುತ್ತೇನೆ. ವಾಪಸ್ ಕೊಟ್ಟ ರೊಟ್ಟಿಗೆ ಬೇರೆ ಸಾಲು ಇಟ್ಟಿದ್ದೇವೆ. ಸರಿ ಇದೆಯಾ ನೋಡಿ ಹೇಳಿ.