ಹೆಸರು ಹೊರಬಾರದಿದ್ದ ಮೂರು ದಿನ

ಮಕ್ಕಳಿಗೆ ಯಾವ ವಯಸ್ಸಿನಿಂದ ಇಲ್ಲಿನ ಸುದ್ದಿ ತೋರಿಸಬೇಕು ಎಂದು ಕಳೆದ ವಾರ ಬ್ರಿಟನ್‌ನ ನಮ್ಮ ಕನ್ನಡಿಗರ ಗುಂಪಿನಲ್ಲಿ ಒಬ್ಬರು ಕೇಳಿದ್ದರು. ನಮ್ಮ ಮನೆಯಲ್ಲಿ ಆ ವಯಸ್ಸನ್ನು ನಾವು ಆರಿಸಲಿಲ್ಲ. 2024ರ ಆಗಸ್ಟ್‌ನಲ್ಲಿ, ಮಗಳಿಗೆ 10 ವರ್ಷವಿದ್ದಾಗ, ಅದು ತಾನಾಗಿಯೇ ಬಂದು ಬಾಗಿಲಲ್ಲಿ ನಿಂತಿತು.

ಜುಲೈ 29ರಂದು ಇಂಗ್ಲೆಂಡಿನ ಸೌತ್‌ಪೋರ್ಟ್ ಊರಿನ ನೃತ್ಯ ತರಗತಿಯಲ್ಲಿ ಮೂವರು ಪುಟ್ಟ ಹುಡುಗಿಯರ ಕೊಲೆಯಾಯಿತು. ಆರೋಪಿಗೆ 17 ವರ್ಷವಾದ್ದರಿಂದ ಹೆಸರು ಹೊರಬರಲಿಲ್ಲ. ದೋಣಿಯಲ್ಲಿ ಬಂದ ಮುಸ್ಲಿಂ ಆಶ್ರಯಾರ್ಥಿಯೊಬ್ಬನ ಕೃತ್ಯವಿದು ಎಂಬ ಸುಳ್ಳು, ಒಂದು ಕಟ್ಟುಹೆಸರಿನ ಸಮೇತ, ಜಾಲತಾಣಗಳಲ್ಲಿ ಹರಡಿತು. ಮರುದಿನ ಸಂಜೆಯೇ ಅಲ್ಲಿನ ಮಸೀದಿಗೆ ಕಲ್ಲು ಬಿತ್ತು. ಆಗಸ್ಟ್ 1ರಂದು ನ್ಯಾಯಾಧೀಶರು ಹೆಸರು ಪ್ರಕಟಿಸಲು ಬಿಟ್ಟರು. ಹುಡುಗ ಕಾರ್ಡಿಫ್‌ನಲ್ಲಿ ಹುಟ್ಟಿದವನು. ಅಷ್ಟರಲ್ಲಿ ಗಲಭೆ ಬೇರೆ ಊರುಗಳಿಗೂ ಹಬ್ಬಿತ್ತು.

ಆ ವಾರ ನಮ್ಮ ಗುಂಪಿನಲ್ಲಿ ಹರಿದಾಡಿದ ಮಾತುಗಳು ನೆನಪಿವೆಯೇ? ‘ನಾವು ಮುಸ್ಲಿಮರಲ್ಲ ಎಂದು ಈ ಗಲಭೆಕೋರರಿಗೆ ಹೇಗೆ ತಿಳಿಸುವುದು?’ ಇಲ್ಲಿನ ಪತ್ರಿಕೆಗಳು ಅಪರಾಧಿಗಳನ್ನು, ಭಾರತೀಯರೂ ಪಾಕಿಸ್ತಾನಿಗಳೂ ಒಟ್ಟಿಗೇ ಸೇರುವ ‘ಏಷ್ಯನ್’ ಎಂಬ ಪದದಿಂದ ಕರೆದಾಗಲೂ ನಮ್ಮ ಸಿಟ್ಟು ಇದೇ ಬಗೆಯದು. ಒಂದು ಜನಾಂಗದ ತಲೆಗೆ ಕಟ್ಟಿದರಲ್ಲ ಎಂದಲ್ಲ, ಬೇರೆಯವರ ತಲೆಗೆ ಕಟ್ಟಲಿಲ್ಲವಲ್ಲ ಎಂದು.

ಇತರರನ್ನು ಆಡಿಕೊಳ್ಳುವ ಮೊದಲು ನನ್ನದನ್ನೂ ಹೇಳಿಬಿಡುತ್ತೇನೆ. 2020ರ ವಸಂತದಲ್ಲಿ ಭಾರತದ ಅನೇಕ ಚಾನೆಲ್‌ಗಳು ಕೊರೊನಾ ಹಬ್ಬಿದ್ದೇ ತಬ್ಲೀಗಿಗಳಿಂದ (ತಬ್ಲೀಗಿ ಜಮಾತ್ ಎಂಬ ಮುಸ್ಲಿಂ ಧರ್ಮಪ್ರಚಾರ ಸಂಘಟನೆಯವರಿಂದ) ಎಂಬಂತೆ ಅರಚುತ್ತಿದ್ದಾಗ, ಆ ವಿಡಿಯೊಗಳನ್ನು ಇದೇ ಗುಂಪಿಗೆ ಕಳುಹಿಸಿದವರಲ್ಲಿ ನಾನೂ ಒಬ್ಬ. ಅದೇ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್‌ನ ಔರಂಗಾಬಾದ್ ಪೀಠ, ವಿದೇಶಿ ತಬ್ಲೀಗಿಗಳ ಮೇಲಿನ ಎಫ್‌ಐಆರ್‌ಗಳನ್ನು ರದ್ದುಪಡಿಸುತ್ತಾ, ಮಾಧ್ಯಮಗಳ ಅಪಪ್ರಚಾರವನ್ನು ಟೀಕಿಸಿತು. ಆ ಸುದ್ದಿಯನ್ನು ಓದಿದೆ, ಕಳುಹಿಸಲಿಲ್ಲ. ಕಳುಹಿಸದಂತೆ ಯಾವ ಸರಕಾರವೂ ನನ್ನ ಕೈ ಹಿಡಿದು ತಡೆದಿರಲಿಲ್ಲ. ಅಲ್ಲಿ ನಾನು ಬಹುಸಂಖ್ಯಾತ. ಅಂಥ ತಲೆಬರಹಗಳು ನನಗೆ ಚುಚ್ಚುತ್ತಲೇ ಇರಲಿಲ್ಲ.

ಈಗ ಶನಿವಾರಗಳಂದು ಮಗಳೂ ನಾನೂ ಒಂದೇ ಅಪರಾಧದ ಸುದ್ದಿಯನ್ನು ಎರಡು ಪತ್ರಿಕೆಗಳಲ್ಲಿ ಓದುತ್ತೇವೆ. ಧರ್ಮ, ಬಣ್ಣ, ದೇಶದ ಪದಗಳನ್ನು ಪೆನ್ಸಿಲಿನಿಂದ ಹೊಡೆದುಹಾಕಿ ಮತ್ತೆ ಓದುತ್ತೇವೆ. ಕೆಲವೊಮ್ಮೆ ಸುದ್ದಿಯೇ ಉಳಿಯುವುದಿಲ್ಲ. ಕೆಲವೊಮ್ಮೆ ಆ ಪದ ಬೇಕೇ ಬೇಕು, ಅದನ್ನೂ ಒಪ್ಪುತ್ತೇವೆ. ಜರ್ಮನಿಯ ಡ್ರೆಸ್ಡೆನ್‌ನ ಪತ್ರಿಕೆಯೊಂದು 2016ರಲ್ಲಿ ಎಲ್ಲ ಆರೋಪಿಗಳ ರಾಷ್ಟ್ರೀಯತೆಯನ್ನೂ, ಜರ್ಮನರದ್ದನ್ನೂ ಸೇರಿಸಿ, ಬರೆಯಲು ನಿರ್ಧರಿಸಿತು ಎಂದಾಗ ಮಗಳು ‘ಅದು ಸರಿ’ ಎಂದಳು. ನನಗಿನ್ನೂ ಅನುಮಾನವಿದೆ.

ದೂರು ಕೊಡಬೇಕೆನ್ನುವವರಿಗೆ ಒಂದು ಮಾತು. ಬ್ರಿಟನ್‌ನ ಅನೇಕ ಪತ್ರಿಕೆಗಳ ಮೇಲಿನ ದೂರುಗಳನ್ನು ನೋಡುವ ಸಂಸ್ಥೆಯಾದ ಇಪ್ಸೊದ ಸಂಹಿತೆಯಲ್ಲಿ ತಾರತಮ್ಯದ 12ನೇ ಕಲಮು ವ್ಯಕ್ತಿಗಳಿಗೆ ಮಾತ್ರ ಅನ್ವಯಿಸುತ್ತದೆ, ಸಮುದಾಯಕ್ಕಲ್ಲ. ಹಾಗಾಗಿ ವರದಿಯಲ್ಲಿ ತಪ್ಪು ಮಾಹಿತಿ ಇದ್ದರೆ ನಿಖರತೆಯ 1ನೇ ಕಲಮಿನಡಿ ಬರೆಯಿರಿ. ಗಾರ್ಡಿಯನ್ ಪತ್ರಿಕೆ ಇಪ್ಸೊ ವ್ಯಾಪ್ತಿಯಲ್ಲಿಲ್ಲ. ಟಿವಿಯ ದೂರುಗಳನ್ನು ಪ್ರಸಾರ ನಿಯಂತ್ರಣ ಸಂಸ್ಥೆಯಾದ ಆಫ್‌ಕಾಮ್ ನೋಡುತ್ತದೆ.