ಸಣ್ಣ ಉಪಕಾರಗಳ ಋಣವನ್ನು ತೀರಿಸುವುದು ಹೇಗೆ?

ಪ್ರಶ್ನೆ (ಸದಾಶಿವಗಡದಿಂದ):

ತಾಯಿಯವರ ಚಿಕಿತ್ಸೆ ಮಣಿಪಾಲದಲ್ಲಿ ನಡೆಯುತ್ತಿರುವುದರಿಂದ ಕಳೆದ ಮಳೆಗಾಲದಿಂದಲೂ ಕಾರವಾರಕ್ಕೂ ಅಲ್ಲಿಗೂ ಓಡಾಟವೇ ಆಗಿದೆ. ಕಾಯಿಲೆಯ ವಿಷಯದಲ್ಲಿ ನೆರೆಹೊರೆಯವರು ಹೆಚ್ಚೇನೂ ಮಾಡಲಾರರು, ನಿಜ. ಆದರೂ ನಾನು ಧೈರ್ಯಗೆಡದಂತೆ ಕಾಯ್ದಿರುವುದು, ಹೇಳಿಕೊಳ್ಳಲು ಸಂಕೋಚವಾಗುವಷ್ಟು ಚಿಕ್ಕ ಸಂಗತಿಗಳು. ನಸುಕಿನಲ್ಲಿ ಶಿರವಾಡದ ರೈಲು ನಿಲ್ದಾಣಕ್ಕೆ ಕರೆದೊಯ್ಯುವ ರಿಕ್ಷಾದವರು ತಾಯಿಯವರನ್ನು ಕೈಹಿಡಿದು ಬೋಗಿಯಲ್ಲಿ ಕೂರಿಸಿದ ಮೇಲಷ್ಟೇ ಹಿಂದಿರುಗುತ್ತಾರೆ. ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯದ ಜೂನ್-ಜುಲೈಯ 61 ದಿನಗಳಲ್ಲಿ ಬಂಗಡೆಯ ಬೆಲೆ ಎಲ್ಲಿಗೆ ಏರುತ್ತದೆಂಬುದು ನಿಮಗೆ ಗೊತ್ತೇ ಇದೆ. ಆಗಲೂ ಬುಟ್ಟಿ ಹೊತ್ತು ಬರುವ ಬಾಯಿ (ಮೀನು ಮಾರುವ ಹೆಂಗಸು) “ಅಮ್ಮನ ಪಾಲಿಗೆ” ಎಂದು ಎರಡು ಮೀನು ಹೆಚ್ಚಿಗೆ ಹಾಕುತ್ತಾರೆ, ಅದಕ್ಕೆ ದುಡ್ಡು ಕೊಡಹೋದರೆ ಮುನಿಸಿಕೊಳ್ಳುತ್ತಾರೆ. ನಾವು ಊರಲ್ಲಿಲ್ಲದಾಗ ಪಕ್ಕದ ಮನೆಯವರು ತುಳಸಿಗೆ ನೀರೆರೆದು ದೀಪ ಹಚ್ಚುತ್ತಾರೆ.

ಇವನ್ನೆಲ್ಲ ಋಣವೆಂದು ಲೆಕ್ಕವಿಡಬೇಕೆ? ಹಣ ಕೊಟ್ಟರೆ ಅವರಿಗೆ ನೋವಾದೀತು. ಏನೂ ಕೊಡದಿದ್ದರೆ ನನಗೆ ಮನಸ್ಸು ಒಪ್ಪುವುದಿಲ್ಲ.

ಉತ್ತರ 1 (ಶಿರಸಿಯ ತೋಟಿಗರು):

ನೀವು ಎರಡು ಬೇರೆ ಬೇರೆ ವ್ಯವಹಾರಗಳನ್ನು ಒಂದೇ ಖಾತೆಯಲ್ಲಿ ಬರೆಯುತ್ತಿದ್ದೀರಿ ಎಂದು ನನಗೆ ತೋರುತ್ತದೆ. ನಮ್ಮ ಕಡೆ ಅಡಿಕೆ ಕೊಯ್ಲಿನ ಹಂಗಾಮಿನಲ್ಲಿ ಮುಯ್ಯಾಳು ಪದ್ಧತಿ ಇತ್ತು. ಇಂದು ನಮ್ಮ ಮನೆಗೆ ಸುಲಿಯಲು ಬಂದವರ ಮನೆಗೆ ನಾಳೆ ನಾವು ಹೋಗಲೇಬೇಕು. ಅದು ಬಾಯಿಬಿಟ್ಟು ಆಡಿಕೊಂಡ ಲೆಕ್ಕ, ತಪ್ಪಿದರೆ ಮಾತು ಬರುತ್ತಿತ್ತು. ಅದೇ ಮನೆಗೆ ಬಿಸಿಲಲ್ಲಿ ಯಾರೇ ಬಂದರೂ ಮೊದಲು ಆಸ್ರಿಗೆಗೆ (ಬಾಯಾರಿಕೆಗೆ) ಬೆಲ್ಲ, ನೀರು ಅಥವಾ ಮಜ್ಜಿಗೆ ಬರುತ್ತದೆ. ಅದನ್ನು ಕುಡಿದವರು ತಮ್ಮ ಮನೆಗೆ ಹೋಗಿ ಲೆಕ್ಕ ಬರೆದಿಟ್ಟುಕೊಳ್ಳುವುದಿಲ್ಲ. ಬೇಡವೆಂದರೆ ಮಾತ್ರ ಮನೆಯವರಿಗೆ ಬೇಸರವಾಗುತ್ತದೆ. ಬಾಯಿಯವರು ಕೊಟ್ಟ ಬಂಗಡೆ ಈ ಎರಡನೆಯ ಬಗೆಯದು. ಅದನ್ನು ಮೊದಲನೆಯ ಬಗೆಗೆ ಎಳೆದು ತಂದರೆ ಕೊಟ್ಟವರ ಸಂತೋಷವನ್ನೇ ಕಸಿದುಕೊಂಡಂತೆ. (ನಾವು ಮೀನು ತಿನ್ನುವವರಲ್ಲ, ಆದರೂ ಆ ಕಾಲದಲ್ಲಿ ಅದರ ಬೆಲೆ ಏನೆಂಬುದು ಘಟ್ಟದ ಮೇಲಿನವರಿಗೂ ಗೊತ್ತು.)

ಉತ್ತರ 2 (ಕುಮಟಾದಿಂದ):

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ಕಹಿ ಮಾತನ್ನೂ ಸೇರಿಸಬೇಕಾಗಿದೆ. ದೊಡ್ಡ ಕಾಯಿಲೆ ಬಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾದ ದಾರಿ ಹಿಡಿಯಬೇಕಾಗಿರುವುದರಿಂದಲೇ ನಸುಕಿನ ಆ ರೈಲು ನಿಮಗೆ ಬೇಕಾಯಿತು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಯ ಜನ ಒಕ್ಕೊರಲಿನಿಂದ ಕೇಳಿದ್ದು ಇದೇ ಕಾರಣಕ್ಕೆ. ರಿಕ್ಷಾದವರ ಒಳ್ಳೆಯತನವನ್ನು ಮೆಚ್ಚುವ ಭರದಲ್ಲಿ, ಅದು ಯಾವ ಕೊರತೆಯನ್ನು ತುಂಬುತ್ತಿದೆ ಎಂಬುದನ್ನು ಮರೆಯಬಾರದು. ಸಮಾಧಾನ ಪಡೆಯಿರಿ, ಬೇಡಿಕೆಯನ್ನು ಮಾತ್ರ ಕೈಬಿಡಬೇಡಿ.

ಉತ್ತರ 3 (ಅಂಕೋಲೆಯಿಂದ):

ಕುಮಟಾದವರು ಹೇಳಿದ್ದು ಸರಿಯೇ, ಆದರೆ ಕೇಳಿದವರಿಗೆ ಇವತ್ತು ಬೇಕಾಗಿರುವ ಉತ್ತರ ಬೇರೆ. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಎಂಬ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಶಿಕಾಗೊದ ಚಳಿಯಲ್ಲಿ ತಮಗೆ ಸಿಕ್ಕ ಬಿಸಿ ಚಾಕೊಲೇಟ್ ಪಾನೀಯವನ್ನು ಅಪರಿಚಿತರಿಗೆ ಕೊಟ್ಟವರನ್ನು ಮಾತನಾಡಿಸಿದ್ದರು. ಪಡೆದವರಿಗೆ ಎಷ್ಟು ಹಿತವಾದೀತೆಂದು ಕೊಟ್ಟವರು ಅಂದಾಜು ಮಾಡಿದ್ದರೋ, ನಿಜವಾಗಿ ಆದ ಹಿತ ಅದಕ್ಕಿಂತ ಹೆಚ್ಚಾಗಿತ್ತು. ಕೊಡುವವರ ಗಮನವೆಲ್ಲ ಲೋಟದಲ್ಲಿರುವ ವಸ್ತುವಿನ ಮೇಲಿರುತ್ತದೆ. ತೆಗೆದುಕೊಳ್ಳುವವರಿಗೆ ಅದರ ಜೊತೆಗೆ ಬಂದ ಆತ್ಮೀಯತೆಯೂ ಮುಟ್ಟುತ್ತದೆ.

ಹಾಗಾದರೆ, ನಿಮ್ಮ ರಿಕ್ಷಾದವರಿಗೆ ತಾವು ಮಾಡಿದ್ದು ಎಷ್ಟು ದೊಡ್ಡದೆಂಬುದು ಬಹುಶಃ ತಿಳಿದಿಲ್ಲ. ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದ 2024ರ ಆಗಸ್ಟ್ 6-7ರ ನಡುವಿನ ರಾತ್ರಿ ಹೊಳೆಗೆ ಬಿದ್ದ ಲಾರಿಯ ಚಾಲಕನನ್ನು ದಡಕ್ಕೆ ತಂದ ಮೀನುಗಾರರ ಸುದ್ದಿ ಊರಿಗೆಲ್ಲ ತಿಳಿಯಿತು; ಬೋಗಿಯವರೆಗೆ ಕೈಹಿಡಿದು ನಡೆಸಿದವರ ಸುದ್ದಿಯನ್ನು ನೀವೇ ಹೇಳಬೇಕು, ಅದೂ ಅವರಿಗೇ. ಬರೀ “ಉಪಕಾರವಾಯಿತು” ಎಂದರೆ ಸಾಲದು. ಬೋಗಿಯವರೆಗೆ ಅವರು ಬರುತ್ತಾರೆಂಬ ಭರವಸೆಯಿಂದ ಹಿಂದಿನ ರಾತ್ರಿ ನಿಮಗೆ ನಿದ್ದೆ ಬರುವುದಾದರೆ ಅದನ್ನೇ ಹೇಳಿ, ವೈದ್ಯರು ಏನೆಂದರು ಎಂಬುದನ್ನೂ ತಿಳಿಸಿ. ಬಾಡಿಗೆಯನ್ನು ಮಾತ್ರ ಪೂರ್ತಿ ಕೊಡಿ, ಅವರು ಬಿಡುತ್ತೇನೆಂದರೂ ಬಿಡಬೇಡಿ. ಅದು ಅವರ ದುಡಿಮೆ.