ಪದ ಬೇಕು (ತುರ್ತು): ‘ರೆಫ್ಯೂಜಿ ಟ್ರಾಮಾ ಸರ್ವೈವರ್’ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಸೋಮವಾರ ಬೆಳಗ್ಗೆ ಒಂದು ಪ್ರಕಟಣೆ ಅಚ್ಚಿಗೆ ಹೋಗಬೇಕು. ಎಂಎಸ್‌ಡಬ್ಲ್ಯು (ಸಮಾಜಕಾರ್ಯ) ಮತ್ತು ಮನಶ್ಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪುಗಳಲ್ಲಿ ಇಂಟರ್ನ್‌ಶಿಪ್. ಸೆರೆಮನೆಯ ಹಿಂಸೆ ಕಂಡ, ಮನೆಮಂದಿಯನ್ನು ಬಿಟ್ಟು ಬಂದ ಹಿರಿಯರ ಜೊತೆ ಕೂರುವುದು, ಆಪ್ತಸಮಾಲೋಚಕರಿಗೆ ನೆರವಾಗುವುದು, ಆಸ್ಪತ್ರೆಗೆ ಕರೆದುಕೊಂಡು ಹೋಗಿಬರುವುದು ಕೆಲಸ. ನಮ್ಮಲ್ಲಿ ಯಾರೋ ಮಾಡಿಕೊಟ್ಟ ಕನ್ನಡ ಕರಡಿನಲ್ಲಿ ‘ಆಘಾತಕ್ಕೊಳಗಾದ ನಿರಾಶ್ರಿತ ಸಂತ್ರಸ್ತರು’ ಎಂದಿದೆ. ಇದೇ ಮಾತು ಸಮಾಲೋಚನೆಯ ಕೋಣೆಯ ಬಾಗಿಲ ಮೇಲೂ ಬರುತ್ತದೆ. ಮೂರು ಪದವೂ ನನಗೆ ಒಗ್ಗುತ್ತಿಲ್ಲ.

‘ನಿರಾಶ್ರಿತ’ ಎಂದರೆ ಬೆಂಗಳೂರಿನವರಿಗೆ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರ ನೆನಪಾಗುತ್ತದೆ. ಅದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದು ತಂದವರನ್ನು ಇರಿಸುವ ಜಾಗ. ‘ಆಘಾತ’ ಎಂದೊಡನೆ ಹೃದಯಾಘಾತ. ‘ಸಂತ್ರಸ್ತೆ’ ಎಂದು ಪತ್ರಿಕೆಗಳು ಯಾರನ್ನು ಬರೆಯುತ್ತವೆ ಎಂದು ನಿಮಗೇ ಗೊತ್ತು. ಆ ಫಲಕ ಇರುವ ಬಾಗಿಲಲ್ಲಿ ಒಬ್ಬ ಹೆಂಗಸು ಕೂತರೆ ದಾರಿಯಲ್ಲಿ ಹೋಗುವವರು ಆಕೆಯ ಬಗ್ಗೆ ಏನೆಂದುಕೊಂಡಾರು?

ಇಲ್ಲೇ ಹುಟ್ಟಿ ಬೆಳೆದ ಟಿಬೆಟನ್ನರಲ್ಲಿ ಕನ್ನಡ ಓದುವವರಿದ್ದಾರೆ. ಅಜ್ಜಿಯನ್ನು ಕರೆತಂದ ಮೊಮ್ಮಗಳು ಓದಿ ತಲೆತಗ್ಗಿಸಬಾರದು. ಅಷ್ಟು ಸಿಕ್ಕರೆ ಸಾಕು.

ಸು. ರಾ., ಪಿರಿಯಾಪಟ್ಟಣ

—

ಸಂತ್ರಸ್ತ ಅಂತನ ಇರಲಿ. ಇದಕ್ಕಿಂತ ಕರಾರುವಾಕ್ಕಾದ ಶಬ್ದ ನಿಮಗ ಸಿಗೂದಿಲ್ಲ. ಧಾತು ತ್ರಸ್, ನಡುಗು, ಅಂಜು. ಸಂತ್ರಸ್ತ ಅಂದ್ರ ಅಂಜಿಕಿ ಮೈಯೊಳಗ ಇಳಿದವ. ಟ್ರಾಮಾ ಅಂದ್ರ ಮತ್ತೇನು? ನಮ್ಮ ಕಡೆ ‘ಭಾಳ ತ್ರಾಸ ಆಗೇದ’ ಅನ್ನೂದೂ ಅದ ಧಾತುವಿನಿಂದ ಬಂದದ್ದು. ನೆರೆ ಸಂತ್ರಸ್ತರು, ಮುಳುಗಡೆ ಸಂತ್ರಸ್ತರು ಅಂತ ಅರ್ಧ ಶತಮಾನದಿಂದ ಬರೀತೀವಿ, ಯಾರೂ ತಲಿ ತಗ್ಗಿಸಿಲ್ಲ. ಪತ್ರಿಕಾದವರು ಒಂದು ಅರ್ಥಕ್ಕ ಕಟ್ಟಿಹಾಕಿದ್ರ ನಾವು ಬಿಡಿಸಿಕೋಬೇಕು, ಬಿಟ್ಟು ಓಡಬಾರದು.

ಹಿಂದಿ ನೋಡಿ ‘ಶರಣಾರ್ಥಿ’ ಮಾತ್ರ ಹಾಕಬ್ಯಾಡ್ರಿ. ಮನಿಗೆ ಬಂದವರಿಗೆ ನಾವು ‘ಶರಣು ಶರಣಾರ್ಥಿ’ ಅಂತೀವಿ. ಅದು ನಮಸ್ಕಾರ, ನಿರ್ವಸಿತರ ಹೆಸರಲ್ಲ.

ಬ. ಕು., ಧಾರವಾಡ

—

ಮೂರು ಸಂಸ್ಕೃತ ಪದಗಳ ನಡುವೆ ಯಾವುದು ಮೇಲು ಎಂಬ ಚರ್ಚೆ ನಡೆಯುತ್ತಿದೆ. ಕನ್ನಡದ್ದು ಯಾರಿಗೂ ನೆನಪಾಗಲಿಲ್ಲ.

ಹಳಗನ್ನಡದಲ್ಲಿ ‘ಮಱೆವೊಗು’ ಇದೆ. ಕಾಪಾಡೆಂದು ಇನ್ನೊಬ್ಬರ ನೆರಳಿಗೆ ಬರುವುದು. ಅವರು ಮರೆಹೊಕ್ಕವರು. ಟ್ರಾಮಾಕ್ಕೆ ದಿಗಿಲು. ಇಂಟರ್ನ್‌ಶಿಪ್ಪಿಗೆ ಕಲಿಕೆಗೆಲಸ. ‘ದಿಗಿಲುಂಡ ಮರೆಹೊಕ್ಕವರೊಡನೆ ಕಲಿಕೆಗೆಲಸ.’ ಹಳ್ಳಿಯ ಹುಡುಗನಿಗೂ ತಿಳಿಯುತ್ತದೆ. ಬೇರು ಕನ್ನಡದ್ದಾಗಿದ್ದರೆ ಅರ್ಥ ಹೇಳಿಕೊಡಬೇಕಾಗಿಲ್ಲ.

ಗಿ., ಸಾಗರ

—

ತಿಳಿಯುವುದಿಲ್ಲ. ಇಂದಿನ ಓದುಗನಿಗೆ ‘ಮರೆಹೊಕ್ಕವರು’ ಎಂದರೆ ತಲೆಮರೆಸಿಕೊಂಡವರು. ಪೊಲೀಸ್ ಠಾಣೆಯ ಪಟ್ಟಿಯಂತೆ ಕಾಣುತ್ತದೆ. ಕೈಬಿಡಿ.

ನಮ್ಮದೇ ಪದ ಬೇಕಿದ್ದರೆ ‘ವಲಸೆ’ ಇದೆ. ಈಗ ಹಕ್ಕಿಗೂ ಶಾಸಕರಿಗೂ ಬಳಸಿ ಸವೆಸಿದ್ದೇವೆ, ಆದರೆ ಹಿಂದಿನ ಅರ್ಥ ನೋಡಿ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾಗತೊಡಗಿದ ತನ್ನ ಇತಿಹಾಸದಲ್ಲಿ ಈ ಪದವನ್ನು ವಿವರಿಸುತ್ತಾನೆ. ಶತ್ರುಸೈನ್ಯ ಬರುತ್ತಿದೆ ಎಂದಾಗ ಜನ ಹೊರಲಾರದ ಸಾಮಾನನ್ನು ನೆಲದಲ್ಲಿ ಹೂತು, ಮಕ್ಕಳುಮರಿಯೊಂದಿಗೆ ಊರಿಗೆ ಊರೇ ಎದ್ದು ಕಾಡುಬೆಟ್ಟ ಸೇರುವುದು. ಹಾಗೆ ಹೊರಟ ಜನಕ್ಕೇ ಆ ಹೆಸರು. ಇಂಥ ಸ್ಥಿತಿಗೆಂದೇ ಒಂದು ಪದ ಇಲ್ಲಿ ಹುಟ್ಟಬೇಕಾಯಿತಲ್ಲ ಎಂದು ಅವನಿಗೆ ಮರುಕ. ದಂಡಿಗೆ ಹೆದರಿ ಊರುಬಿಟ್ಟವರ ಪದವನ್ನು ಈ ನೆಲ ಆಗಲೇ ಕಟ್ಟಿಕೊಂಡಿತ್ತು. ‘ವಲಸೆ ಬಂದವರು’ ಎನ್ನಿ, ಮುಗಿಯಿತು.

ಎನ್. ಎಸ್., ಮೈಸೂರು

—

ಎನ್. ಎಸ್. ಅವರೇ, ವಿಲ್ಕ್ಸ್ ವಿಷಯ ಮನಸ್ಸಿಗೆ ತಟ್ಟಿತು. ಆದರೂ ಆ ಪದವನ್ನು ನಾನು ಹಾಕಲಾರೆ. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ, 1967ರ ಪ್ರೋಟೊಕಾಲಿಗೂ ಇಲ್ಲ. ಕಾನೂನಿನ ಕಣ್ಣಿಗೆ ಇವರು ವಿದೇಶಿಯರು. ನೋಂದಣಿ ಪತ್ರ, ಅವರ ಬಾಯಲ್ಲಿ ‘ಆರ್‌ಸಿ’, ಅದನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ಪತ್ರಿಕೆಯಲ್ಲಿ ವಲಸಿಗರ ಹಿಂದೆ ‘ಅಕ್ರಮ’ ಅಂಟಿಕೊಂಡೇ ಬರುವ ಕಾಲದಲ್ಲಿ, ಕ್ಯಾಂಪಿನ ಗೋಡೆಯ ಮೇಲೆ ನಾನೇ ವಲಸಿಗರು ಎಂದು ಬರೆಸಿದರೆ ನಾಳೆ ಯಾರಾದರೂ ಅದನ್ನೇ ಎತ್ತಿ ತೋರಿಸುತ್ತಾರೆ.

ಗಿ. ಅವರ ಪದ ಅರ್ಥದಲ್ಲಿ ಹತ್ತಿರದ್ದು ಎಂಬುದು ನಿಜ. ಟಿಬೆಟನ್ ಭಾಷೆಯಲ್ಲಿ ನಿರಾಶ್ರಿತರಿಗೆ ಹೇಳುವ ‘ಕ್ಯಬ್‌ಚೋಲ್ವಾ’ದಲ್ಲಿ ‘ಕ್ಯಬ್’ ಎಂದರೆ ರಕ್ಷಣೆ, ಬುದ್ಧನಿಗೆ ಶರಣು ಹೋಗುವಾಗ ಬರುವ ಮಾತೂ ಅದೇ. ಆದರೆ ಫಲಕ ಓದುವವರು ಇಂದಿನವರು.

ಸು. ರಾ.

—

ಇಪ್ಪತ್ತು ವರ್ಷಕ್ಕೂ ಹೆಚ್ಚು ಮನೋವೈದ್ಯಕೀಯ ಸಮಾಜಕಾರ್ಯ ಮಾಡಿದವಳಾಗಿ ಬರೆಯುತ್ತಿದ್ದೇನೆ. ‘ಟ್ರಾಮಾ’ವನ್ನು ಕನ್ನಡ ಲಿಪಿಯಲ್ಲಿ ಹಾಗೇ ಬರೆದುಬಿಡೋಣ ಎಂದು ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ, ಬೇಡ. ನಮ್ಮ ಜನಕ್ಕೆ ಟ್ರಾಮಾ ಸೆಂಟರ್ ಎಂದರೆ ಬೈಕಿನಿಂದ ಬಿದ್ದು ಕಾಲು ಮುರಿದವರು ಹೋಗುವ ಜಾಗ. ಗ್ರೀಕಿನಲ್ಲಿ ಆ ಪದಕ್ಕೆ ಗಾಯ ಎಂದೇ ಅರ್ಥ, ಜನ ತಪ್ಪೇನೂ ತಿಳಿದಿಲ್ಲ.

ಈ ಹಿರಿಯರು ಬಂದು ‘ನನಗೆ ಆಘಾತವಾಗಿದೆ’ ಎನ್ನುವುದಿಲ್ಲ. ನಿದ್ದೆ ಬರುವುದಿಲ್ಲ, ಬಾಗಿಲು ಬಡಿದರೆ ಬೆಚ್ಚಿಬೀಳುತ್ತೇನೆ, ಎದೆ ಹೊಡೆದುಕೊಳ್ಳುತ್ತದೆ ಎನ್ನುತ್ತಾರೆ. ಟಿಬೆಟನ್ ವೈದ್ಯದಲ್ಲಿ ಇದು ‘ಲುಂಗ್’, ಅಂದರೆ ವಾಯು, ಕೆರಳಿದ್ದು. ಅವರ ಅಮ್ಚಿ, ಅಂದರೆ ಟಿಬೆಟನ್ ವೈದ್ಯರ, ಹತ್ತಿರ ಹೋಗಿ ಅದನ್ನೇ ಹೇಳುತ್ತಾರೆ. ಇಂಟರ್ನ್‌ಗಳಿಗೆ ಮೊದಲ ವಾರ ಕಲಿಸಬೇಕಾದ್ದೂ ಇದನ್ನೇ: ಕೆದಕಬೇಡಿ, ಅವರು ಯಾವ ಮಾತಿನಲ್ಲಿ ಹೇಳುತ್ತಾರೋ ಆ ಮಾತಿನಲ್ಲೇ ಕೇಳಿ. ಸೆರೆಮನೆಯ ಕಥೆಯನ್ನು ಮೊದಲ ದಿನವೇ ಬಿಡಿಸಿ ಬಿಡಿಸಿ ಕೇಳುವ ವಿದ್ಯಾರ್ಥಿ, ವಿಚಾರಣೆ ಮಾಡಿದ ಅಧಿಕಾರಿಯನ್ನು ನೆನಪಿಸುತ್ತಾನೆ.

‘ಬದುಕುಳಿದವರು’ ಎಂದರೆ ಬಸ್ ಅಪಘಾತದ ಸುದ್ದಿ. ನಾನಾದರೆ ‘ಹಿಂಸೆಯನ್ನು ದಾಟಿ ಬಂದವರು’ ಎನ್ನುತ್ತೇನೆ. ದಾಟಿದ್ದು ಅವರು, ಹೆಚ್ಚುಗಾರಿಕೆ ಅವರದು. ಅವರಲ್ಲಿ ಕೆಲವರು ಮಕ್ಕಳಾಗಿದ್ದಾಗ ಟಿಬೆಟ್–ನೇಪಾಳ ಗಡಿಯ ನಂಗ್‌ಪಾ ಲಾದ ಹಿಮ ದಾಟಿದವರು. 2006ರ ಸೆಪ್ಟೆಂಬರಿನಲ್ಲಿ ಚೀನಾದ ಗಡಿ ಪಡೆ ಗುಂಡು ಹಾರಿಸಿದ ಕಣಿವೆ ಅದು. ‘ದಾಟಿ ಬಂದವರು’ ಎಂಬುದನ್ನೂ ಪ್ರಕಟಣೆಗಷ್ಟೇ ಇಟ್ಟುಕೊಳ್ಳಿ. ಬಾಗಿಲ ಮೇಲೆ ರೋಗದ ಹೆಸರೂ ಬೇಡ, ಜನರ ಹೆಸರೂ ಬೇಡ. ‘ಮಾತುಕತೆಯ ಕೋಣೆ’ ಸಾಕು.

ಲ., ಬೆಂಗಳೂರು

—

‘ಹಿಂಸೆ’ ಸಂಸ್ಕೃತ.

ಗಿ.

—

ನೀವು ಕ್ಯಾಂಪಿಗೆ ಹೋಗಾಕ ಬಸ್ಸು ಹತ್ತತೀರಿ, ತಾಲ್ಲೂಕು ಕಚೇರಿಯೊಳಗ ಅರ್ಜಿ ಕೊಟ್ಟು ರಸೀದಿ ತಗೋತೀರಿ. ಇವೆಲ್ಲಾ ಎಲ್ಲಿಂದ ಬಂದ್ವು? ತಾಲ್ಲೂಕು ಅರಬ್ಬೀ, ಅರ್ಜಿ ಅರಬ್ಬೀ, ರಸೀದಿ ಫಾರ್ಸಿ. ಬಂದವರನ್ನ ಒಳಗ ಕರಕೊಂಡ ಭಾಷಾ ಇದು. ಬಾಗಿಲೊಳಗ ನಿಂತು ಬೇರು ಕೇಳಬ್ಯಾಡ್ರಿ.

ಬ. ಕು.

—

ಬಂದ ಪದಗಳನ್ನು ಹೊರಹಾಕಿ ಎಂದು ನಾನು ಎಲ್ಲಿಯೂ ಬರೆದಿಲ್ಲ. ರಸೀದಿ ಬಂದಾಗ ಆ ವಸ್ತುವೂ ಹೊಸದು, ಪದವೂ ಜೊತೆಗೆ ಬಂತು. ದಿಗಿಲು ಹೊಸದೇ? ನೋವು ಹೊಸದೇ? ನಮ್ಮಲ್ಲಿ ಇದ್ದುದಕ್ಕೇ ಹೊರಗಿನ ಹೆಸರಿಟ್ಟು, ಇದ್ದ ಹೆಸರನ್ನು ಒರಟು ಎನ್ನುವುದಕ್ಕೆ ನನ್ನ ತಕರಾರು. ಆಸ್ಪತ್ರೆಯ ಚೀಟಿಯಲ್ಲಿ ‘ಖಿನ್ನತೆ’ ಓದಿ ಅದೇನೆಂದು ನನ್ನ ತಾಯಿ ನನ್ನನ್ನು ಕೇಳಿದ್ದರು. ಮಂಕು ಕವಿದಿದೆ ಎಂದು ಬರೆದಿದ್ದರೆ ಕೇಳಬೇಕಾಗಿರಲಿಲ್ಲ.

ಗಿ.

—

ತಕರಾರು ಅರಬ್ಬೀ ಮೂಲದ್ದು. ಇದನ್ನು ಬೇರೆ ಎಳೆಯಲ್ಲಿ ಮುಂದುವರಿಸಿ. ಇಲ್ಲಿ ಕೇಳಿದವರಿಗೆ ಸೋಮವಾರದ ಗಡುವಿದೆ.

ಎನ್. ಎಸ್.

—

ಎಲ್ಲರಿಗೂ ಕೃತಜ್ಞತೆಗಳು. ಗಿ. ಅವರ ತಾಯಿಯ ಮಾತು ಓದಿದ ಮೇಲೆ ಕರಡಿನ ಒಳಸಾಲುಗಳನ್ನೂ ತಿದ್ದಿದೆ; ‘ಖಿನ್ನತೆ’, ‘ಆತಂಕ’ ಇದ್ದಲ್ಲಿ ಮಂಕು, ದಿಗಿಲು ಎಂದಾಗಿದೆ. ಬ. ಕು. ಅವರು ಬೇಸರಿಸಬಾರದು, ‘ಸಂತ್ರಸ್ತ’ ಬಿಟ್ಟಿದ್ದೇನೆ. ಅಚ್ಚಿಗೆ ಹೋಗುವುದು ಇದು:

‘ಹಿಂಸೆಯನ್ನು ದಾಟಿ ಬಂದ ಟಿಬೆಟನ್ ಹಿರಿಯರೊಂದಿಗೆ ಇಂಟರ್ನ್‌ಶಿಪ್. ಸ್ಥಳ: ಬೈಲಕುಪ್ಪೆ. ಎಂಎಸ್‌ಡಬ್ಲ್ಯು, ಮನಶ್ಶಾಸ್ತ್ರ ಸ್ನಾತಕೋತ್ತರ ವಿದ್ಯಾರ್ಥಿಗಳು ಅರ್ಜಿ ಸಲ್ಲಿಸಬಹುದು. ಟಿಬೆಟನ್ ಬಲ್ಲವರಿಗೆ ಆದ್ಯತೆ. ದುಭಾಷಿಗಳ ನೆರವಿರುತ್ತದೆ.’

ನಿರಾಶ್ರಿತ, ಆಘಾತ ಎರಡೂ ಇಲ್ಲ. ಬಾಗಿಲಿಗೆ ‘ಮಾತುಕತೆಯ ಕೋಣೆ’, ಕೆಳಗೆ ಟಿಬೆಟನ್ ಲಿಪಿಯಲ್ಲಿ ಅವರೇ ಆರಿಸಿದ ಹೆಸರು. ‘ಕಲಿಕೆಗೆಲಸ’ ಹಾಕಿದರೆ ವಿಭಾಗದವರು ಅಂಕಕ್ಕೆ ಪರಿಗಣಿಸುತ್ತಾರೋ ಇಲ್ಲವೋ ಎಂದು ಇಂಟರ್ನ್‌ಶಿಪ್ ಉಳಿಸಿದ್ದೇನೆ.

ಸು. ರಾ.

—

ಇಂಟರ್ನ್‌ಶಿಪ್ ಒಪ್ಪಲಾರೆ. ಉಳಿದದ್ದು ಸರಿ. ಶಿಷ್ಯವೇತನ ಉಂಟೋ ಇಲ್ಲವೋ ಬರೆದಿಲ್ಲ. ಉಳಿಯುವ ಜಾಗ, ಬಸ್ಸಿನ ಖರ್ಚು ಯಾರದು ಎಂದೂ ಇಲ್ಲ. ಬಡವರ ಮನೆಯ ಮಕ್ಕಳು ಅದನ್ನು ನೋಡಿಯೇ ಅರ್ಜಿ ಹಾಕುವುದು. ಅಚ್ಚಿಗೆ ಹೋಗುವ ಮೊದಲು ಸೇರಿಸಿ.

ಗಿ.